ಹಳೆಯ ಮನೆಯ ಅಟ್ಟಕ್ಕೆ ಇನ್ಸುಲೇಷನ್: ಹಲಗೆಯ ಕೆಳಗೆ ಮೊದಲು ನೋಡಬೇಕಾದದ್ದು

ಉತ್ತರ ಅಮೆರಿಕದ ಚಳಿ ಪ್ರದೇಶಗಳಲ್ಲಿ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ ಮನೆಯನ್ನು ಕೊಂಡವರು ಅಟ್ಟ ಹತ್ತಿ ನೋಡಿದರೆ, ಅಲ್ಲಿ ಆಗಲೇ ಹಲಗೆ ಹಾಸಿರುವುದುಂಟು. ಆ ಹಲಗೆಗಳಿಗೂ ಕೆಳಗಿನ ಕೋಣೆಯ ಸೀಲಿಂಗಿಗೂ ನಡುವೆ, ಜಂತೆಗಳ ಸಂದುಗಳಲ್ಲಿ, ಎಷ್ಟೋ ಮನೆಗಳಲ್ಲಿ ಖಾಲಿ ಜಾಗವೇ ಇರುತ್ತದೆ. ಹಲಗೆಗಳನ್ನೆಲ್ಲ ಕೀಳದೆ ಅಲ್ಲಲ್ಲಿ ಒಂದನ್ನು ಎತ್ತಿ, ಕೊಳವೆ ತೂರಿಸಿ, ಮನೆಯ ಶಾಖ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ಆಗಿ ಸೆಲ್ಯುಲೋಸನ್ನು, ಅಂದರೆ ಬೆಂಕಿ ಬೇಗ ಹತ್ತದಂತೆ ಲವಣ ಬೆರೆಸಿದ ಹಳೆಯ ಕಾಗದದ ನಾರನ್ನು, ಯಂತ್ರದಿಂದ ಊದಿ ತುಂಬಿಸುವುದು ರೂಢಿ. ತುಂಬಿಸುವ ಕೆಲಸ ಬೇಗ ಮುಗಿಯುತ್ತದೆ. ಒಮ್ಮೆ ತುಂಬಿದ ಮೇಲೆ ಒಳಗೇನಿದೆ ಎಂದು ನೋಡುವುದು ಕಷ್ಟವಾದ್ದರಿಂದ, ಅದಕ್ಕೆ ಮುಂಚಿನ ತಪಾಸಣೆಗೇ ಹೆಚ್ಚು ಸಮಯ ಕೊಡಿ ಎನ್ನುತ್ತೇನೆ.

ಮೊದಲು ವೈರಿಂಗ್. ಆ ಕಾಲದ ಮನೆಗಳಲ್ಲಿ ಪಿಂಗಾಣಿಯ ಗುಬಟುಗಳ ಮೇಲೆ ಬಿಡಿಬಿಡಿಯಾಗಿ ಎಳೆದ ತಂತಿಗಳು ಸಿಗಬಹುದು. ಇದನ್ನು ನಾಬ್ ಅಂಡ್ ಟ್ಯೂಬ್ ಎನ್ನುತ್ತಾರೆ. ಈ ತಂತಿ ತನ್ನ ಕಾವನ್ನು ಸುತ್ತಲಿನ ಗಾಳಿಗೆ ಬಿಟ್ಟು ತಣ್ಣಗಿರುವಂಥದ್ದು. ಇನ್ಸುಲೇಷನ್‌ನಲ್ಲಿ ಹುದುಗಿದರೆ ಕಾವು ಹೋಗಲು ದಾರಿಯಿರದೆ ಬೆಂಕಿಯ ಅಪಾಯ ಉಂಟಾಗುತ್ತದೆ. ನೋಡಲು ಸತ್ತಂತಿದ್ದರೂ ಅದರಲ್ಲಿ ಕರೆಂಟ್ ಹರಿಯುತ್ತಿರಬಹುದು, ಆದ್ದರಿಂದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದಲೇ ಪರೀಕ್ಷೆ ಮಾಡಿಸಿ. ಹಲಗೆಯಡಿ ಬೂದು ಅಥವಾ ಕಂದು ಬಣ್ಣದ, ಹೊಳಪಿರುವ ಹರಳುಗಳು ಕಂಡರೆ ಕೆದಕಬೇಡಿ. ಅದು ವರ್ಮಿಕ್ಯುಲೈಟ್ ಎಂಬ ಖನಿಜದ ಹಳೆಯ ಇನ್ಸುಲೇಷನ್ ಇರಬಹುದು. 1990ರಲ್ಲಿ ಮುಚ್ಚಿದ, ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯಿಂದ ಬಂದ ಈ ಸರಕಿನಲ್ಲಿ, ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ನಾರು ಬೆರೆತಿತ್ತು.

ಇನ್ನು ಗಾಳಿಯ ಸೋರಿಕೆ. ಬಿಸಿ ಗಾಳಿ ಮೇಲೇರಿ ಸೀಲಿಂಗಿನ ಬಿರುಕುಗಳಿಂದ, ಪೈಪು ಮತ್ತು ತಂತಿ ಹಾಯ್ದ ತೂತುಗಳಿಂದ ಅಟ್ಟಕ್ಕೆ ನುಗ್ಗುತ್ತದೆ. ಅದರ ತೇವ ಚಾವಣಿಯ ತಣ್ಣನೆಯ ಹಲಗೆಗೆ ತಗುಲಿ ನೀರಾಗುತ್ತದೆ, ಕ್ರಮೇಣ ಮರ ಬೂಷ್ಟು ಹಿಡಿಯುತ್ತದೆ. ಹಳೆಯ ಮರದ ಮನೆಗಳಲ್ಲಿ ಇನ್ನೊಂದು ತೊಂದರೆಯೆಂದರೆ, ಗೋಡೆಯೊಳಗಿನ ಟೊಳ್ಳು ನೆಲಮಾಳಿಗೆಯಿಂದ ಅಟ್ಟದವರೆಗೆ ಒಂದೇ ಸಮ ತೆರೆದಿರಬಹುದು. ಬಲೂನ್ ಫ್ರೇಮಿಂಗ್ ಎನ್ನುವ ಈ ಕಟ್ಟಡಕ್ರಮದಲ್ಲಿ ಗೋಡೆಯೇ ಹೊಗೆಗೂಡಿನಂತೆ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಅಂಥ ಬಾಯಿಗಳನ್ನು ಗಟ್ಟಿ ಹಲಗೆಯಿಂದ ಮುಚ್ಚಿ ಅಂಚಿನ ಸಂದುಗಳಿಂದ ಗಾಳಿ ಸೋರದಂತೆ ಬಿಗಿಯಾಗಿ ಮುಚ್ಚಬೇಕು. ಚಿಮಣಿಯ ಸುತ್ತ ಮಾತ್ರ ಸಂದು ತುಂಬುವ ಫೋಮ್ ಬೇಡ. ಅಲ್ಲಿ ತಗಡು ಮತ್ತು ಹೆಚ್ಚಿನ ಶಾಖ ತಾಳುವ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ಬಳಸುತ್ತಾರೆ. ಸ್ನಾನದ ಕೋಣೆಯ ಎಕ್ಸಾಸ್ಟ್ ಫ್ಯಾನ್ ಅಟ್ಟದೊಳಕ್ಕೇ ಊದುತ್ತಿದ್ದರೆ ಅದನ್ನು ಹೊರಕ್ಕೆ ತಿರುಗಿಸುವ ಕಾಲವೂ ಇದೇ.

ಇನ್ಸುಲೇಷನ್ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ‘ಆರ್’ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು. ಆರು ಅಂಗುಲದ ಜಂತೆಯ ಸಂದು ತುಂಬಿದರೆ ಸುಮಾರು ಆರ್-20ರಷ್ಟು ತಡೆಗುಣ ಸಿಗುತ್ತದೆ. ಚಳಿ ಪ್ರದೇಶಗಳಿಗೆ ಈಗ ಸಾಮಾನ್ಯವಾಗಿ ಹೇಳುವುದು ಆರ್-49ರಿಂದ ಆರ್-60. ಸಾಮಾನು ಇಡುವ ಅಗತ್ಯವಿಲ್ಲದಿದ್ದರೆ ಹಲಗೆಗಳ ಮೇಲೂ ಇನ್ನೊಂದು ಪದರ ಹಾಕಬಹುದು. ಆದರೆ ಕೆಳಗಿನ ಸಂದು ಖಾಲಿಯಾಗಿ, ಸೂರಿನ ಕಡೆಯಿಂದ ತಣ್ಣನೆಯ ಗಾಳಿ ಅದರಲ್ಲಿ ಹರಿಯುತ್ತಿರುವಾಗ ಮೇಲೆ ಎಷ್ಟು ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ. ಸೂರಿನಿಂದ ಚಾವಣಿಯಡಿಗೆ ಗಾಳಿಯಾಡುವ ದಾರಿಯನ್ನೂ ಮುಚ್ಚಬಾರದು.

ಹಳೆಯ ಪ್ಲಾಸ್ಟರ್ ಸೀಲಿಂಗ್ ಜೋಲುಬಿದ್ದಿದ್ದರೆ, ಊದುವ ಒತ್ತಡಕ್ಕೆ ಅದು ಬಿರುಕು ಬಿಡಬಹುದೆಂದು ಗುತ್ತಿಗೆದಾರನಿಗೆ ಮೊದಲೇ ತೋರಿಸಿ. ಕೆಲಸ ಮುಗಿದ ದಿನ ಸೆಲ್ಯುಲೋಸಿನ ಖಾಲಿ ಚೀಲಗಳನ್ನು ಎಣಿಸಿ. ಎಷ್ಟು ಚದರಡಿಗೆ ಎಷ್ಟು ಚೀಲ ಬೇಕೆಂಬ ಪಟ್ಟಿ ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಲೆಕ್ಕ ಕಡಿಮೆ ಬಂದರೆ ಜಂತೆಗಳ ನಡುವೆ ಅಡ್ಡಪಟ್ಟಿ ಇದ್ದು, ಅದರಾಚೆಯ ಭಾಗ ಖಾಲಿ ಉಳಿದಿರುವ ಸಂಭವವಿದೆ. ಅಲ್ಲಿಯ ಹಲಗೆಯನ್ನು ಎತ್ತಿ ತೋರಿಸುವಂತೆ ಕೇಳಿ.