ವರ್ಷದ ಒಳ್ಳೆ ಸಿನಿಮಾ ಆರಿಸೋಕೆ ಕೂತಾಗ ವೋಟು ಎಣಿಸೋದು ಹೇಗೆ

ತುಮಕೂರಿನಲ್ಲಿ ಸಿನಿಮಾ ಬಗ್ಗೆ ಬರೆಯುವವರು, ಯೂಟ್ಯೂಬ್‌ನಲ್ಲಿ ವಿಮರ್ಶೆ ಮಾಡುವವರು ಹತ್ತು ಹನ್ನೆರಡು ಜನ ಸೇರಿದರೆ ಸಾಕು, ವರ್ಷದ ಪ್ರಶಸ್ತಿ ಕೊಡಬಹುದು. ಟ್ರೋಫಿ, ಸ್ಟೇಜು, ಅತಿಥಿ ಎಲ್ಲ ಆಮೇಲೆ. ಮೊದಲು ವೋಟು ಎಣಿಸುವ ಲೆಕ್ಕವನ್ನು ಎಲ್ಲರೂ ಒಪ್ಪಿಕೊಳ್ಳಿ, ಏಕೆಂದರೆ ಗೆಲ್ಲುವ ಸಿನಿಮಾ ಯಾವುದು ಅನ್ನೋದನ್ನ ಅರ್ಧ ಆ ಲೆಕ್ಕವೇ ತೀರ್ಮಾನ ಮಾಡುತ್ತದೆ.

ಯಾವ ವರ್ಷದ ಸಿನಿಮಾ ಅನ್ನುವುದನ್ನು ಬರೆದಿಡಿ. ರಾಷ್ಟ್ರ ಪ್ರಶಸ್ತಿಗೆ ಸೆನ್ಸಾರ್ ಸರ್ಟಿಫಿಕೇಟಿನ ತಾರೀಕು ನೋಡುತ್ತಾರೆ. ನಮಗೆ ಥಿಯೇಟರಿಗೆ ಬಂದ ದಿನವೇ ಸುಲಭ. ವೋಟಿಂಗನ್ನು ಜನವರಿಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಡಿಸೆಂಬರ್ ಕೊನೆಗೆ ಬಂದವಕ್ಕೆ ಅನ್ಯಾಯ.

ನಿಜವಾದ ಕಷ್ಟ ನೋಡುವುದರಲ್ಲಿದೆ. ಚಿಕ್ಕ ಸಿನಿಮಾ ನಮ್ಮೂರಿಗೆ ಬಂದರೂ ಒಂದು ವಾರ ನಿಲ್ಲುವುದೇ ಹೆಚ್ಚು, ಅದೂ ಬೆಳಗಿನ ಒಂದೇ ಶೋ. ಅದನ್ನು ನೋಡೋಕೆ ಬೆಂಗಳೂರಿಗೆ ಟ್ರೈನ್ ಹತ್ತುವವರು ನಮ್ಮಲ್ಲಿ ಎಷ್ಟು ಜನ? ಹಾಗಾಗಿ ಒಂದು ತಿಂಗಳು ಮುಂಚೆಯೇ ಪ್ರತಿಯೊಬ್ಬರೂ 'ಇದನ್ನ ನೀವೆಲ್ಲ ನೋಡಲೇಬೇಕು' ಅಂತ ಎರಡು ಹೆಸರು ಕೊಡಿ. ನಿರ್ಮಾಪಕರಿಗೆ ಫೋನ್ ಮಾಡಿ ಕೇಳಿದರೆ ಎಷ್ಟೋ ಸಲ ನೋಡಲು ಲಿಂಕ್ ಸಿಗುತ್ತದೆ. ಒಂದು ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಎಲ್ಲರೂ ಒಟ್ಟಿಗೆ ಕೂತು ನೋಡಿ. ನೋಡದ ಸಿನಿಮಾ ಇರುವ ವಿಭಾಗದಲ್ಲಿ ವೋಟು ಬೇಡ. ಆಸ್ಕರ್‌ನವರೇ 2025ರಲ್ಲಿ ಈ ನಿಯಮ ತಂದರು: ನಾಮಿನೇಟ್ ಆದ ಎಲ್ಲ ಸಿನಿಮಾ ನೋಡಿದವರಿಗೆ ಮಾತ್ರ ಆ ವಿಭಾಗದ ಕೊನೆ ಸುತ್ತಿನಲ್ಲಿ ವೋಟು. ಇನ್ನು ಸೌಂಡು, ಛಾಯಾಗ್ರಹಣದ ಬಗ್ಗೆ ಮೊಬೈಲಿನಲ್ಲಿ ನೋಡಿ ತೀರ್ಪು ಕೊಡಬೇಡಿ, ದಯವಿಟ್ಟು.

ಈಗ ಲೆಕ್ಕ. ಹನ್ನೊಂದು ಜನ ಇದ್ದೀರಿ ಅಂದುಕೊಳ್ಳಿ. ಒಬ್ಬರಿಗೆ ಒಂದೇ ವೋಟು ಅಂದರೆ ದೊಡ್ಡ ಸ್ಟಾರ್ ಸಿನಿಮಾಗೆ 4, ಒಂದು ಹಳ್ಳಿ ಕಥೆಗೆ 3, ಬೇರೆ ಎರಡಕ್ಕೆ ತಲಾ 2 ಬೀಳಬಹುದು. ಸ್ಟಾರ್ ಸಿನಿಮಾ ಗೆದ್ದಿತು, ಆದರೆ ಉಳಿದ ಏಳು ಜನಕ್ಕೆ ಅದು ಬೇಡವೇ ಬೇಡ! ಅದರ ಬದಲು ಪ್ರತಿಯೊಬ್ಬರೂ ಮೂರು ಹೆಸರು ಬರೆಯಿರಿ: ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಸ್ಟಾರ್ ಸಿನಿಮಾಗೆ ಆ ನಾಲ್ಕು ಚೀಟಿಯ 12 ಅಂಕ ಅಷ್ಟೇ. ಹಳ್ಳಿ ಕಥೆಯನ್ನು ಐದು ಜನ ಎರಡನೆಯದಾಗಿ ಬರೆದಿದ್ದರೆ 9ಕ್ಕೆ 10 ಸೇರಿ 19. ಹನ್ನೊಂದರಲ್ಲಿ ಎಂಟು ಚೀಟಿಯಲ್ಲಿ ಅದರ ಹೆಸರಿದೆ, ಅಂದರೆ ಹೆಚ್ಚು ಜನ ಮೆಚ್ಚಿದ್ದು ಅದನ್ನೇ ಅಲ್ವಾ?

ಅಮೆರಿಕದಲ್ಲಿ 1966ರಲ್ಲಿ ಶುರುವಾದ ನ್ಯಾಷನಲ್ ಸೊಸೈಟಿ ಆಫ್ ಫಿಲ್ಮ್ ಕ್ರಿಟಿಕ್ಸ್ ಇದೇ ರೀತಿ ಎಣಿಸುತ್ತದೆ, ಜೊತೆಗೆ ಇನ್ನೊಂದು ಷರತ್ತು ಇಟ್ಟಿದೆ: ಅಂಕ ಜಾಸ್ತಿ ಬಂದರೆ ಸಾಲದು, ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಹೆಸರೂ ಇರಬೇಕು. ಇಲ್ಲದಿದ್ದರೆ ಇನ್ನೊಂದು ಸುತ್ತು. ನನಗೆ ಈ ಷರತ್ತು ತುಂಬಾ ಇಷ್ಟ. ನಾಲ್ಕೈದು ಗೆಳೆಯರು ಒಳಗೊಳಗೇ ಮಾತಾಡಿಕೊಂಡು ಒಂದು ಸಿನಿಮಾ ಗೆಲ್ಲಿಸೋದು ಇದರಿಂದ ಕಷ್ಟವಾಗುತ್ತದೆ.

ಮೊದಲ ಸುತ್ತಿನ ಚೀಟಿಯನ್ನು ಚರ್ಚೆ ಇಲ್ಲದೆ, ಬರೆಯುವವರು ತಮ್ಮ ಹೆಸರು ಹಾಕದೆ ಬರೆಸಿ. ಹಿರಿಯರು ಮೊದಲೇ ಬಾಯಿಬಿಟ್ಟರೆ ಹೊಸಬರು ಸುಮ್ನೆ ಅದನ್ನೇ ಬರೆದುಬಿಡುತ್ತಾರೆ. ಎರಡನೇ ಸುತ್ತು ಬೇಕಾದರೆ ಅದಕ್ಕೆ ಮುಂಚೆ ಬಾಯಿತುಂಬಾ ಜಗಳ ಆಡಿ, ಟೀ ಕುಡಿದು ಮತ್ತೆ ಬರೆಯಿರಿ.

ಯಾವುದಾದರೂ ಸಿನಿಮಾಗೆ ಸಂಭಾಷಣೆ ಬರೆದವರು, ದುಡ್ಡು ತೆಗೆದುಕೊಂಡು ಪ್ರಚಾರ ಮಾಡಿದವರು ಆ ಸಿನಿಮಾ ಇರುವ ವಿಭಾಗಗಳಲ್ಲಿ ವೋಟು ಹಾಕಬಾರದು. ಇದನ್ನು ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ. ಆಮೇಲೆ ಹೇಳಿದರೆ ಮನಸ್ತಾಪ ಆಗುತ್ತದೆ.

ಫಲಿತಾಂಶ ಹೇಳುವಾಗ ಎರಡನೇ ಸ್ಥಾನ ಬಂದ ಸಿನಿಮಾದ ಹೆಸರನ್ನೂ ಹೇಳಿ. ಲಾಸ್ ಏಂಜಲೀಸ್ ವಿಮರ್ಶಕರು ಹಾಗೆ ಮಾಡುತ್ತಾರೆ. ಚಿಕ್ಕ ಸಿನಿಮಾ ಮಾಡಿದವರಿಗೆ ಆ ಒಂದು ಸಾಲು ಪೋಸ್ಟರಿಗೆ ಹಾಕಿಕೊಳ್ಳಲು ಆಗುತ್ತದೆ. ಚೀಟಿಗಳನ್ನು ಮಾತ್ರ ಎಸೆಯಬೇಡಿ, ಯಾರಾದರೂ ಕೇಳಿದರೆ ಲೆಕ್ಕ ತೋರಿಸೋಕೆ ಬೇಕಾಗುತ್ತದೆ.