ಲೂಪಸ್, ಕೀಲುವಾತ ಇರುವವರಿಗೆ ಕಿವಿ ಮಂದವಾದರೆ ಏನು ಮಾಡಬೇಕು

ಲೂಪಸ್, ರುಮಟಾಯ್ಡ್ ಕೀಲುವಾತ, ಶೋಗ್ರೆನ್ಸ್ ಅಂದರೆ ಮೈಯ ರಕ್ಷಣಾ ವ್ಯವಸ್ಥೆ ಮೈಯ ಮೇಲೇ ತಿರುಗಿಬೀಳುವ ಕಾಯಿಲೆಗಳು. ಇವು ಇರುವವರು ಕೀಲು, ಚರ್ಮ, ಕಿಡ್ನಿ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಕಿವಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ದಾವಣಗೆರೆ ಕಡೆ ಕಿವಿ ಗುಂಯ್ ಅಂದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ, ಇಲ್ಲಾ ಮಂಡಕ್ಕಿ ಭಟ್ಟಿ, ರೈಸ್ ಮಿಲ್ಲಿನ ಸದ್ದಿಗೆ ಹಿಂಗಾಗಿದೆ ಅಂತ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಕೂರಬೇಡಿ. ಈ ಕಾಯಿಲೆಗಳಲ್ಲಿ ಅದೇ ರಕ್ಷಣಾ ವ್ಯವಸ್ಥೆ ಒಳಕಿವಿಗೆ, ಅಲ್ಲಿನ ಸಣ್ಣ ರಕ್ತನಾಳಗಳಿಗೆ ಪೆಟ್ಟು ಕೊಡಬಹುದು.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಬಾಯಿ ಮುಚ್ಚಿಕೊಂಡು 'ಮ್...' ಅಂತ ಉದ್ದಕ್ಕೆ ಎಳೆಯಿರಿ. ಮಂದವಾದ ಕಿವಿಯಲ್ಲೇ ಸದ್ದು ಜಾಸ್ತಿ ಕೇಳಿದರೆ ಗುಗ್ಗೆಯೋ ನೀರೋ ಅಡ್ಡ ಇರಬಹುದು. ಚೆನ್ನಾಗಿರುವ ಕಿವಿ ಕಡೆ ಜಾಸ್ತಿ ಕೇಳಿದರೆ ಒಳಕಿವಿಯದೇ ತೊಂದರೆ ಅಂತ ಅನುಮಾನ ಪಡಬೇಕು. ಇದು ಸುಳಿವು ಅಷ್ಟೇ, ಡಾಕ್ಟರ ಹತ್ತಿರ ಹೋಗುವುದು ಹೇಗೂ ತಪ್ಪುವುದಿಲ್ಲ.

ಎರಡು ಮೂರು ದಿನದೊಳಗೆ ದಿಢೀರ್ ಅಂತ ಕಿವಿ ಹೋದರೆ ಅದು ಎಮರ್ಜೆನ್ಸಿ. ಕೀಲಿನ ಡಾಕ್ಟರ ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಇಲ್ಲಾ ಮಾರನೇ ದಿನ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹೋಗಿ ಇಎನ್‌ಟಿ (ಕಿವಿ, ಮೂಗು, ಗಂಟಲು) ಡಾಕ್ಟರಿಗೆ ತೋರಿಸಿ, ಯಾಕೆಂದರೆ ಇದಕ್ಕೆ ಕೊಡುವ ಸ್ಟೀರಾಯ್ಡ್ ಮೊದಲ 2 ವಾರದೊಳಗೆ ಶುರುವಾದರೆ ಕಿವಿ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಕೂತ ತಕ್ಷಣ "ಸರ್, ನನಗೆ ಲೂಪಸ್ ಇದೆ" ಅಂತ ಹೇಳಿ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಶುಗರ್, ಬಿಪಿ ಇದ್ದರೆ ಅದನ್ನೂ ಹೇಳಿ, ಸ್ಟೀರಾಯ್ಡಿಗೆ ಎರಡೂ ಏರುತ್ತವೆ.

ಎಲ್ಲರಿಗೂ ದಿಢೀರ್ ಅಂತಲೇ ಆಗುವುದಿಲ್ಲ. ಕೆಲವರಿಗೆ ಎರಡೂ ಕಿವಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನಕ್ಕೆ ಮಂದವಾಗುತ್ತವೆ. ಸಣ್ಣ ಮಕ್ಕಳ ಮಾತು ಅರ್ಥವಾಗದು, ಫೋನನ್ನು ಗೊತ್ತಿಲ್ಲದೇ ಆ ಕಿವಿಯಿಂದ ಈ ಕಿವಿಗೆ ಬದಲಾಯಿಸುತ್ತಾರೆ, ತಲೆ ಸುತ್ತು ಬೇರೆ. ಇದನ್ನು ಮನೆಯವರೇ ಮೊದಲು ಗಮನಿಸುವುದು.

ಅದಕ್ಕೇ, ಕಿವಿ ಚೆನ್ನಾಗಿರುವಾಗಲೇ ಒಂದು ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ ಆ ಗ್ರಾಫನ್ನು ಫೈಲಿನಲ್ಲಿಡಿ. ಹೆಡ್‌ಫೋನ್ ಹಾಕಿ ಸಣ್ಣ ಸದ್ದು ಕೇಳಿಸುತ್ತಾರೆ, ಕೇಳಿದಾಗ ಬಟನ್ ಒತ್ತಬೇಕು, ಒಂದು ಚೂರೂ ನೋವಿಲ್ಲ. ಮುಂದೆ ಏನಾದರೂ ಆದರೆ ಡಾಕ್ಟರಿಗೆ ಹೋಲಿಸಿ ನೋಡಲು ಆ ಹಳೇ ಗ್ರಾಫ್ ಬೇಕು.

ಮಾತ್ರೆಗಳದ್ದೂ ಒಂದು ಮಾತು. ಆಸ್ಪಿರಿನ್ ಡೋಸ್ ಜಾಸ್ತಿಯಾದರೆ ಕಿವಿ ಗುಂಯ್ ಅನ್ನುತ್ತದೆ, ಕಡಿಮೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಲೂಪಸ್, ಕೀಲುವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದಲೂ ಅಪರೂಪಕ್ಕೆ ಕಿವಿಗೆ ತೊಂದರೆಯಾಗುವುದುಂಟು. ಆದರೆ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಸ್ಟೀರಾಯ್ಡನ್ನಂತೂ ಡಾಕ್ಟರ್ ಹೇಳಿದ ಲೆಕ್ಕದಲ್ಲೇ ಇಳಿಸಬೇಕು.