ಹಳೆಯ ಎಂಡಿಬಿ ಕಡತದಿಂದ ಮಾಹಿತಿಯನ್ನು ಹೊರತೆಗೆಯುವ ಕ್ರಮ

ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬಹಳ ಹಿಂದೆ ಸಿದ್ಧಪಡಿಸಿದ ಸದಸ್ಯರ ಪಟ್ಟಿಯೋ ಪುಸ್ತಕಸೂಚಿಯೋ ಈಗ ತೆರೆದುಕೊಳ್ಳದಿದ್ದರೆ, ಕಡತ ಹಾಳಾಗಿದೆ ಎಂದು ಕೈಬಿಡುವ ಮೊದಲು ಅದು ಯಾವ ಕಾಲದ್ದು ಎಂಬುದನ್ನು ಪತ್ತೆ ಮಾಡಬೇಕು. ಆಕ್ಸೆಸ್ 2003ರವರೆಗೆ .ಎಂಡಿಬಿ ರೂಪವೇ ರೂಢಿಯಲ್ಲಿತ್ತು, 2007ರ ಆವೃತ್ತಿಯೊಂದಿಗೆ .ಎಸಿಸಿಡಿಬಿ ಬಂದಿತು. ಎರಡರಲ್ಲಿಯೂ ಕಡತದ ಗಾತ್ರ 2 ಜಿಬಿ ಮೀರುವಂತಿಲ್ಲ.

ಮೊದಲು ಪ್ರತಿ ಮಾಡಿಕೊಳ್ಳಿ. ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ .ಎಲ್‌ಡಿಬಿ ಕಡತ ಕಂಡರೆ ಯಾರೋ ಡೇಟಾಬೇಸನ್ನು ತೆರೆದಿಟ್ಟಿರುವ ಸಾಧ್ಯತೆಯಿದೆ. ಎಲ್ಲರೂ ಮುಚ್ಚಿದ ನಂತರವೇ ಪ್ರತಿ ತೆಗೆಯುವುದು ಕ್ಷೇಮ. ಆ ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ಅರ್ಥವಾಗದ ಚಿಹ್ನೆಗಳ ನಡುವೆ ಆರಂಭದಲ್ಲಿಯೇ ‘ಸ್ಟ್ಯಾಂಡರ್ಡ್ ಜೆಟ್ ಡಿಬಿ’ ಅಥವಾ ‘ಸ್ಟ್ಯಾಂಡರ್ಡ್ ಏಸ್ ಡಿಬಿ’ ಎಂಬ ಇಂಗ್ಲಿಷ್ ಬರಹ ಕಾಣುತ್ತದೆ. ಜೆಟ್ ಎಂದಿದ್ದರೆ ಹಳೆಯ ರೂಪ, ಏಸ್ ಎಂದಿದ್ದರೆ ಹೊಸದು. ನೋಡಿದ ಮೇಲೆ ಉಳಿಸದೆ ಮುಚ್ಚಿ.

ಜೆಟ್ ಕಡತಗಳಲ್ಲಿಯೂ ಎರಡು ಬಗೆಗಳಿವೆ. ಆಕ್ಸೆಸ್ 2000 ಮತ್ತು ನಂತರದವು ಇಂದಿನ ಆವೃತ್ತಿಗಳಲ್ಲಿಯೂ ತೆರೆದುಕೊಳ್ಳುತ್ತವೆ. ಆಕ್ಸೆಸ್ 97ರ ಕಡತವನ್ನಾದರೋ 2013 ಮತ್ತು ಅದರ ನಂತರದ ಆವೃತ್ತಿಗಳು ತೆರೆಯುವುದಿಲ್ಲವಾದ್ದರಿಂದ, 2010 ಅಥವಾ 2007ರ ಆವೃತ್ತಿ ಇರುವ ಗಣಕದಲ್ಲಿ ಅದನ್ನು ಪರಿವರ್ತಿಸಿ ತರಬೇಕಾಗುತ್ತದೆ. ಲಿನಕ್ಸ್ ಬಳಸುವವರು ‘ಎಂಡಿಬಿ ಟೂಲ್ಸ್’ ಮೂಲಕ ಕೋಷ್ಟಕಗಳನ್ನು ನೇರವಾಗಿ ಓದಬಹುದು.

ಆಕ್ಸೆಸ್‌ನಲ್ಲಿ ತೆರೆದಾಗ ಕೋಷ್ಟಕದ ಚಿಹ್ನೆಯ ಪಕ್ಕದಲ್ಲಿ ಬಾಣದ ಗುರುತಿದ್ದರೆ ಮಾಹಿತಿ ಆ ಕಡತದಲ್ಲಿಲ್ಲ, ಬೇರೊಂದರಲ್ಲಿದೆ ಎಂದು ತಿಳಿಯಬೇಕು. ಅಂತಹ ಕಡತವೊಂದನ್ನೇ ಜೋಪಾನ ಮಾಡಿದರೆ ಉಳಿಯುವುದು ಖಾಲಿ ಪೆಟ್ಟಿಗೆ.

ಕೋಷ್ಟಕಗಳನ್ನು ಒಂದೊಂದಾಗಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ) ರೂಪದಲ್ಲಿ ರಫ್ತು ಮಾಡುವಾಗ ‘ಅಡ್ವಾನ್ಸ್ಡ್’ ಗುಂಡಿಯನ್ನು ಒತ್ತಿ, ಕೋಡ್ ಪೇಜ್ ಎಂಬಲ್ಲಿ ಯುಟಿಎಫ್-8 ಆರಿಸಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬಳಸುವ ಯೂನಿಕೋಡ್ ಸಂಕೇತಗಳಲ್ಲಿರುವ ಕನ್ನಡ ಆಗ ಕೆಡದೆ ಬರುತ್ತದೆ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ತುಂಬಿಸಿದ ಕನ್ನಡಕ್ಕೆ ಮಾತ್ರ ಇಷ್ಟು ಸಾಲದು: ಅಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ, ಕನ್ನಡದ ಆಕಾರವನ್ನು ತೊಡಿಸುತ್ತಿದ್ದುದು ಫಾಂಟು. ಅದನ್ನು ಯೂನಿಕೋಡ್ ಪರಿವರ್ತಕಕ್ಕೆ ಕೊಡಬೇಕು, ಅದೂ ಕನ್ನಡವಿರುವ ಅಂಕಣಗಳನ್ನು ಮಾತ್ರ. ಇಡೀ ಕಡತವನ್ನು ಕೊಟ್ಟರೆ ಇಂಗ್ಲಿಷಿನಲ್ಲಿದ್ದ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಕಣ್ಣಿಟ್ಟು ಪರಿಶೀಲಿಸಿ.

ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಉಳಿಸಿದರೆ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಗಳು ಆ ಸೊನ್ನೆಯನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ತಂತ್ರಾಂಶದಲ್ಲಿ, ಅಂತಹ ಅಂಕಣಗಳು ಪಠ್ಯವಾಗಿಯೇ ಬರುವಂತೆ ನೋಡಿಕೊಂಡು ಆಮದು ಮಾಡುವುದು ಮೇಲು. ಎಲ್ಲ ಕೋಷ್ಟಕಗಳೂ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ರೂಪದ ಒಂದೇ ಕಡತದಲ್ಲಿ ನೆಲೆಗೊಳ್ಳುತ್ತವೆ. ಪ್ರತಿ ಕೋಷ್ಟಕದ ಸಾಲುಗಳ ಎಣಿಕೆಯನ್ನು ಮೂಲದೊಂದಿಗೆ ತಾಳೆ ನೋಡಿ. ಫಾರ್ಮ್, ರಿಪೋರ್ಟ್, ಕ್ವೆರಿಗಳು ಸಿಎಸ್‌ವಿಯಲ್ಲಿ ಬರುವುದಿಲ್ಲವಾದ್ದರಿಂದ ಮೂಲ ಎಂಡಿಬಿ ಕಡತವನ್ನು ಅಳಿಸಬೇಡಿ.